ಉಂಗುರ ತೆಗೆದು ಹಚ್ಚಿದ ಕ್ರೀಮು

ಅಕ್ಕಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ‘ಪೂಜ್ಯ’ ಎಂದು ಬರೆಯಲು ಕೈ ಬರಲಿಲ್ಲ. ಒಂಬತ್ತು ವರ್ಷ ಕರೆದ ನಾಲಿಗೆ ‘ಅಕ್ಕಾ’ ಎನ್ನುವುದನ್ನು ಮಾತ್ರ ಬಿಡುತ್ತಿಲ್ಲ, ಅದೊಂದು ಉಳಿಯಿತು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ತಂಗಿಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳ ಮುಖ ಊದಿ ಕಣ್ಣುಗಳು ಎರಡು ಗೆರೆಗಳಾಗಿವೆ. ಪಾದದ ಮೇಲೆ ಬೆರಳೊತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಆದರೆ ಮುಖದ ಬಣ್ಣ ಮಾತ್ರ ಚೆನ್ನಾಗಿದೆಯಂತೆ, ನರ್ಸ್ ಕೂಡ ಹೊಗಳಿದಳು.

ನಿನ್ನೆ ನೀವು ಹಣ್ಣು ಹಿಡಿದುಕೊಂಡು ಬಂದಿರಿ. ತಂಗಿಯ ಹಣೆ ಸವರಿ ಕಣ್ಣೊರೆಸಿಕೊಂಡಿರಿ. ಆಮೇಲೆ ನನ್ನನ್ನು ಹೊರಗೆ ಕರೆದು, "ನಾಡಿದ್ದು ಪಾರ್ಲರಿಗೆ ತಪಾಸಣೆಯವರು ಬರ್ತಾರಂತೆ. ಆ ಕ್ರೀಮು ಇನ್ನೆಲ್ಲೋ ತಗೊಂಡಿದ್ದು ಅಂದ್ಬಿಡು. ನಿನ್ನ ಕೈಗೆ ಕಸುಬು ಕೊಟ್ಟವಳು ನಾನು ಕಣೇ. ಉಂಡ ಮನೆಗೆ ಎರಡು ಬಗೀಬೇಡ" ಎಂದಿರಿ. ನಿಮ್ಮ ಮಾತಿಗೆ ಉತ್ತರ ಈ ಪತ್ರ.

ಕಸುಬು ಕೊಟ್ಟಿರಿ, ಇಲ್ಲವೆನ್ನುವುದಿಲ್ಲ. ಹುಬ್ಬು ತಿದ್ದುವ ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು, ವ್ಯಾಕ್ಸಿನ ಬಿಸಿಯನ್ನು ಮೊದಲು ನಮ್ಮ ಮಣಿಕಟ್ಟಿಗೆ ತಾಗಿಸಿ ನೋಡುವುದು, ಅತ್ತುಕೊಂಡು ಬಂದವರನ್ನು ಏನೂ ಕೇಳದೆ ತಲೆ ತೊಳೆಯಲು ಕೂರಿಸುವುದು, ಎಲ್ಲ ನಿಮ್ಮಿಂದಲೇ ಕಲಿತೆ. "ಕುರ್ಚೀಲಿ ಕೂತೋರು ಕಣ್ಣು ಮುಚ್ಕೊಂಡ್ರು ಅಂದ್ರೆ ನಮ್ಮನ್ನ ನಂಬಿದ್ರು ಅಂತ ಅರ್ಥ" ಎನ್ನುತ್ತಿದ್ದಿರಿ. ಆ ಮಾತನ್ನು ನಾನು ಹೊಸ ಹುಡುಗಿಯರಿಗೆಲ್ಲ ಹೇಳಿಕೊಟ್ಟಿದ್ದೇನೆ. ಈಗ ನೆನೆದರೆ ಅಸಹ್ಯವಾಗುತ್ತದೆ.

ಹಿಂದಿನ ಕೋಣೆಯಲ್ಲಿ ಟವೆಲ್ ರಾಶಿಯ ಹಿಂದೆ ಇರುತ್ತಿತ್ತಲ್ಲ, ಮೇಲೆ ಒಂದಕ್ಷರವೂ ಇಲ್ಲದ ಆ ದೊಡ್ಡ ಬಿಳಿ ಡಬ್ಬ. ಅದರಿಂದ ಮರದ ಕಡ್ಡಿಯಲ್ಲಿ ಕ್ರೀಮು ತೋಡಿ ಚಿಕ್ಕ ಡಬ್ಬಿಗಳಿಗೆ ತುಂಬುವುದು ನನ್ನ ಕೆಲಸ. ಮೂರೇ ವಾರಕ್ಕೆ ಮುಖದ ಕಪ್ಪು ಕಲೆ, ಎಂಥ ಬಂಗೂ ಮಾಯ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾನೂ ಕೇಳಿದ್ದೆ, ಕೇಳಿ ಏನು ಬಂತು? ಹೆರಿಗೆಯ ನಂತರ ತಂಗಿಯ ಕೆನ್ನೆಗಳ ಮೇಲೆ ಬಂಗು ಬಂದಿತ್ತು. ಶಾಲೆಯಲ್ಲಿ ಪಾಠ ಹೇಳುವವಳು ಅವಳು. ಒಂದು ಮಗು "ಮಿಸ್, ಕೆನ್ನೆಗೆ ಮಣ್ಣು ಅಂಟಿದೆ" ಎಂದಿತೆಂದು ಮನೆಗೆ ಬಂದು ಅತ್ತಳು. ನಾನೇ ಒಂದು ಡಬ್ಬಿ ತಂದುಕೊಟ್ಟೆ. ನೀವು ಕಲಿಸಿದಂತೆ ಮೊದಲು ನನ್ನ ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿದೆ. ಕೆಂಪಾಗಲಿಲ್ಲ, ಉರಿಯಲಿಲ್ಲ. ಆಮೇಲೆ ಎರಡು ವರ್ಷ ಅವಳು ಬಿಡದೆ ಹಚ್ಚಿಕೊಂಡಳು, ಎಷ್ಟೋ ಸಲ ನನ್ನ ಕೈಯಿಂದಲೇ.

ಹೋದ ವಾರ ಕಿಡ್ನಿ ಡಾಕ್ಟರು ಅವಳ ಚೀಟಿಗಳನ್ನೆಲ್ಲ ನೋಡಿ, "ಮುಖಕ್ಕೆ ಏನು ಹಚ್ತೀರಿ?" ಎಂದು ಕೇಳಿದರು. ಆಗಿನ್ನೂ ಊತ ಕಾಲಿಗಷ್ಟೇ, ಪ್ರಶ್ನೆ ಮುಖಕ್ಕೆ. ಇವರಿಗೆಲ್ಲೋ ತಲೆ ಕೆಟ್ಟಿದೆ ಅಂದುಕೊಂಡೆ. ರಕ್ತ, ಮೂತ್ರ, ಜೊತೆಗೆ ಕ್ರೀಮಿನ ಡಬ್ಬಿ, ಮೂರೂ ಪರೀಕ್ಷೆಗೆ ಹೋದವು. ಮೂರರಲ್ಲೂ ಪಾದರಸ. ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲನ್ನೂ ಮೀರಬಾರದಂತೆ. ನಮ್ಮ ಡಬ್ಬಿಯಲ್ಲಿ ಒಂಬತ್ತು ಸಾವಿರ ಇತ್ತು. ಅದು ಉರಿಸುವುದಿಲ್ಲ, ತುರಿಸುವುದಿಲ್ಲ, ಚರ್ಮ ತಿಳಿಯಾಗಿಸುತ್ತಲೇ ಒಳಗಿಳಿದು ಕಿಡ್ನಿ ಸೇರುತ್ತದೆ ಎಂದರು. ನನ್ನ ಕೈ ನೋಡಿ, "ನಿಮ್ಮ ಉಂಗುರ ಬಿಳಿಚಿಕೊಂಡಿಲ್ವಲ್ಲ? ಪಾದರಸ ತಾಗಿದ್ರೆ ಚಿನ್ನ ಬೆಳ್ಳಗಾಗುತ್ತೆ" ಎಂದರು. ನಾನು ಜಾಣೆಯ ಹಾಗೆ, "ನಾವು ಉಂಗುರ ತೆಗೆದಿಟ್ಟೇ ಹಚ್ಚೋದು ಸಾರ್, ಗಿರಾಕಿಗಳಿಗೂ ಬಳೆ, ಸರ ತೆಗೀರಿ ಅಂತೀವಿ. ನಮ್ಮಕ್ಕ ಹಾಗೆ ಕಲಿಸಿದ್ದಾರೆ" ಎಂದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಗ ನೆನಪಾಯಿತು. ಆರು ವರ್ಷದ ಹಿಂದೆ, ಆ ಡಬ್ಬ ಹೊಸದಾಗಿ ಬಂದಾಗ, ನಿಮ್ಮ ಯಜಮಾನರು ತೊಡಿಸಿದ ಉಂಗುರ ತಗಡಿನ ಹಾಗೆ ಬೆಳ್ಳಗಾಯಿತು. ನೀವು ಅತ್ತಿರಿ, ಊಟ ಬಿಟ್ಟಿರಿ. ಅಕ್ಕಸಾಲಿಗರ ಅಂಗಡಿಗೆ ನಿಮ್ಮ ಜೊತೆ ಬಂದವಳು ನಾನೇ. ಆ ಮುದುಕರು ಉಂಗುರವನ್ನು ತಿರುಗಿಸಿ ನೋಡಿ, "ಪಾದರಸ ಎಲ್ಲಿ ಮುಟ್ಟಿದ್ಯಮ್ಮ? ಇದನ್ನ ಕಾಯಿಸಿದ್ರೆ ಸರಿಹೋಗುತ್ತೆ. ನೀನು ಹುಷಾರಾಗಿರು" ಎಂದರು. ಅವರು ಹೇಳಿದ್ದು ಇಬ್ಬರಿಗೂ ಕೇಳಿಸಿತು. ನಾನು ನಿಮ್ಮ ಚೀಲ ಹಿಡಿದು ಕನ್ನಡಿಯಲ್ಲಿ ನನ್ನ ಕೂದಲು ನೋಡಿಕೊಳ್ಳುತ್ತಿದ್ದೆ. ನೀವು ಅರ್ಥ ಮಾಡಿಕೊಂಡಿರಿ. ಮಾರನೆಯ ದಿನದಿಂದಲೇ ಉಂಗುರ ತೆಗೆಯುವ ನಿಯಮ ಶುರುವಾಯಿತು.

ನಿಮಗೆ ಗೊತ್ತಿಲ್ಲದೆ ಆಗಿದ್ದರೆ ನಾನು ನಿಮ್ಮ ಜೊತೆ ಕೂತು ಅಳುತ್ತಿದ್ದೆ. ಆದರೆ ಒಮ್ಮೆ ನಿಮ್ಮ ಮಗಳ ಮೊಡವೆ ಕಲೆಗೆ ಹಚ್ಚೋಣವೆಂದು ಅದೇ ಡಬ್ಬಿ ತೆರೆದಾಗ ನನ್ನ ಕೈಗೆ ಪಟ್ಟನೆ ಹೊಡೆದಿರಲ್ಲ. "ಎಳೇ ಚರ್ಮ ಕಣೇ, ಹಾಗೇ ಇರ್ಲಿ ಬಿಡು" ಎಂದಿರಿ. ಎಷ್ಟು ಒಳ್ಳೆಯ ತಾಯಿ ಎಂದುಕೊಂಡೆ ನಾನು! ನಿಮ್ಮ ಮಗಳ ಕಣ್ಣಿಗೆ ಬೆಣ್ಣೆ, ನನ್ನ ತಂಗಿಯ ಕಣ್ಣಿಗೆ ಸುಣ್ಣ. ಥೂ. ಈ ಒಂದಕ್ಷರ ಬರೆಯಲು ಇಷ್ಟು ದೂರ ಬಂದೆ. ನಿಮ್ಮ ಮೇಲಷ್ಟೇ ಅಲ್ಲ, ನನ್ನ ಬೆರಳುಗಳ ಮೇಲೂ ಹೇಸಿಗೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಆ ಕ್ರೀಮಿನ ಗುಲಾಬಿ ವಾಸನೆ ಹೋದಂತೆ ಅನ್ನಿಸುವುದಿಲ್ಲ. ಊಟದ ತುತ್ತು ಬಾಯಿಯವರೆಗೆ ಬಂದು ನಿಲ್ಲುತ್ತದೆ.

ನಾಳೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಡಬ್ಬಿ ತುಂಬಿದ ಕೈ ನನ್ನದು ಎಂಬುದನ್ನೂ ಸೇರಿಸಿ. ದೊಡ್ಡ ಡಬ್ಬ ಹುಡುಕಬೇಡಿ. ಮೊನ್ನೆಯೇ ತಂದು ಡಾಕ್ಟರಿಗೆ ಒಪ್ಪಿಸಿದ್ದೇನೆ. ಗಿರಾಕಿಗಳ ಪುಸ್ತಕವೂ ನನ್ನ ಬಳಿಯಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಹಚ್ಚುವುದು ನಿಲ್ಲಿಸಿ, ಮೂತ್ರ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದೇನೆ. ಇಬ್ಬರು ನನ್ನನ್ನು ಬೈದರು. ಒಬ್ಬರು, "ಅಯ್ಯೋ, ನಿಲ್ಲಿಸಿದ್ರೆ ಮತ್ತೆ ಕಪ್ಪಾಗಲ್ವಾ?" ಎಂದು ಕೇಳಿದರು.

ತಂಗಿಗೆ ಕ್ರೀಮು ಬಿಟ್ಟದ್ದರಿಂದ ಕೆಲವು ತಿಂಗಳುಗಳಲ್ಲಿ ಸರಿಹೋಗಬಹುದಂತೆ, ಹೋಗದೆಯೂ ಇರಬಹುದಂತೆ. ಬೆಳಿಗ್ಗೆ ಎದ್ದವಳು ಮೊದಲು ಕೇಳಿದ್ದು, "ಪಾರ್ಲರ್ ಅಕ್ಕ ತಂದ ಹಣ್ಣು ಕೊಡೇ" ಎಂದು. ಆಗಲೇ ಎಸೆದಿದ್ದೆ. ಯಾಕೆ ಎಂದು ಇನ್ನೂ ಹೇಳಿಲ್ಲ. ಅದನ್ನು ಹೇಳುವುದು ತಪಾಸಣೆಯವರ ಮುಂದೆ ಹೇಳುವುದಕ್ಕಿಂತ ಕಷ್ಟ.

ನೀವು ನೂರು ವರ್ಷ ಬಾಳಿ ಅಕ್ಕಾ, ಕಣ್ಣು ಚೆನ್ನಾಗಿ ಕಾಣುತ್ತಿರಲಿ. ನಿಮ್ಮ ಉಂಗುರವೂ ಹೊಳೆಯುತ್ತಿರಲಿ. ಅದನ್ನು ಕಾಯಿಸಿ ಸರಿಮಾಡುವವರು ನಿಮಗೆ ಅಂದು ಸಿಕ್ಕರು. ನನ್ನ ತಂಗಿಯನ್ನು ಹಾಗೆ ಸರಿಮಾಡಿಕೊಡುವವರನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಇಂತಿ,
ನಿಮ್ಮ ಕೈಯಲ್ಲಿ ಕಸುಬು ಕಲಿತವಳು