ಸುಗ್ಗಿಯ ಹರಾಜಿಗೆ ಎಸ್ತೇರಳ ಪುಸ್ತಕ

ಸುಗುಣಕ್ಕಾ,

ನಿನ್ನ ಮಗಳು ಎಸ್ತೇರ ಹುಡುಗರಿಗಾಗಿ ಬರೆದ ಮಾಯಾಲೋಕದ ಕಾದಂಬರಿ ನಿಜವಾಗಿ ನನ್ನದು. ಏಳನೇ ಇಯತ್ತೆ ಕಲಿತ ನಾನು ಹೇಳುತ್ತಾ ಹೋದೆ, ಅವಳು ಎರಡು ವರ್ಷ ತಳೇಗಾಂವ ಲೋಕಲ್ ರೈಲಿನಲ್ಲಿ ಕೂತು ಬರೆದುಕೊಂಡಳು. ನೀನು ತೀರಿಕೊಂಡು ಮೂರು ವರ್ಷವಾಯಿತು, ಈಗ ಸುಳ್ಳೆನ್ನಲು ಯಾರಿದ್ದಾರೆ?

ನಿನ್ನೆ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಎಲ್ಲರೂ ಕುಂಬಳಕಾಯಿ, ಕೋಳಿ, ಕೇಕು ತಂದು ದೇವರ ಹೆಸರಿನಲ್ಲಿ ಹರಾಜಿಗಿಟ್ಟರು. ಎಸ್ತೇರ ತನ್ನ ಪ್ರಥಮ ಫಲವೆಂದು ಪುಸ್ತಕದ ಮೊದಲ ಪ್ರತಿಯನ್ನು ಇಟ್ಟಳು. ರಟ್ಟಿನ ಮೇಲೆ ರೆಕ್ಕೆಯ ಹಾವು, ಅದರ ಬೆನ್ನಿನ ಮೇಲೆ ಪ್ರಾರ್ಥಿಸುವ ಹುಡುಗಿ.

"ದೇವರ ಮನ್ಯಾಗ ಹಾವೇನ್ರಿ?" ಎಂದರು ಹರಾಜು ಕೂಗುತ್ತಿದ್ದ ಹಿರಿಯರಾದ ದಾನಿಯೇಲಪ್ಪ. ಯಾರೂ ಬೆಲೆ ಹೇಳಲಿಲ್ಲ.

"ಮಾಮಾ, ನಮ್ಮವರಿಗೇ ಬ್ಯಾಡಾದ್ರ ನಾ ಇನ್ನ ಬರಿಯೂದಿಲ್ಲ," ಎಂದು ಎಸ್ತೇರ ಪಿಸುಗುಟ್ಟಿದಳು.

ಹುಡುಗಿಯಾಗಿದ್ದಾಗ ನೀನು ಕಥೆ ಬರೆಯುತ್ತಿದ್ದ ವಹಿ ನೆನಪಾಯಿತು. ಅದರ ಹಾಳೆ ಹರಿದು ನಾನು ಶೇಂಗಾ ಕಟ್ಟಿ ಮಾರಿದ್ದೆ. ಆಮೇಲೆ ನೀನು ಬೇರೆ ವಹಿ ಕೊಳ್ಳಲಿಲ್ಲ.

"ಐನೂರು!" ಎಂದು ಕೂಗಿದೆ. ಯಾರೂ ಏರಿಸಲಿಲ್ಲ. "ಸಾವಿರ!" ಎಂದೆ.

"ಯಾಕೋಬಣ್ಣಾ, ನಿಮ್ಮ ಬೆಲಿ ಮ್ಯಾಲೆ ನೀವ ಏರಸ್ತೀರೇನ್ರಿ?"

"ಪುಸ್ತಕ ಅಂಥಾದ್ದದ್ರಿ! ಎರಡು ಸಾವಿರ!"

ಇಡೀ ಚರ್ಚು ನಕ್ಕಿತು. ನನಗೆ ಹುರುಪೇರಿ ನಿಲ್ಲಿಸಲಾಗಲಿಲ್ಲ. ಕೊನೆಗೆ ದಾನಿಯೇಲಪ್ಪನವರೇ ಪುಸ್ತಕ ತೆರೆದು ಒಂದು ಪುಟ ಓದಿದರು, ಮತ್ತೊಂದು ತಿರುವಿದರು. "ನನಗೂ ಒಂದು ಪ್ರತಿ ಇಡವಾ," ಎಂದರು. ದಾರಿಯುದ್ದಕ್ಕೂ ಎಸ್ತೇರ ಎರಡನೇ ಭಾಗದ ಮಾತೇ ಆಡಿದಳು.

ಹೆಂಡತಿಗೆ ಇನ್ನೂರು ಎಂದಿದ್ದೇನೆ, ಗೆಳೆಯರಿಗೆ ಐವತ್ತು ಸಾವಿರ. ನಿಜವಾಗಿ ಹೋದದ್ದು ನಾಲ್ಕು ಸಾವಿರದ ಆರುನೂರು, ಹಲ್ಲು ಕಟ್ಟಿಸಲು ಇಟ್ಟದ್ದು.