ತಿಥಿಯಾದ ತಮ್ಮ

ಆಗಸ್ಟ್ 4, ಬೆಳಿಗ್ಗೆ

ದಿನಾ ಬರೆಯಬೇಕಂತೆ. ಚರ್ಮ ಹೇಗಿದೆ, ಬಾಯಿ ಹೇಗಿದೆ, ಹೊಟ್ಟೆ ಎಷ್ಟು ಸಲ ಹೋಯಿತು... ನರ್ಸಮ್ಮನ ಹುಕುಂ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನಿಗೆ ಇದೆಂಥ ಶಿಕ್ಷೆ. ತಗೊಳ್ಳಿ — ಅಂಗೈ ಸುಲಿಯುತ್ತಿದೆ. ಬಾಯಿ ಹುಣ್ಣು. ಗಂಜಿಯೂ ಉರಿ.

ರಕ್ತದ ಕ್ಯಾನ್ಸರಿಗೆಂದು ತಂಗಿ ಮರಿತಾಯಮ್ಮನ ಬೋನ್ ಮ್ಯಾರೋ, ಮೂಳೆಯೊಳಗಿನ ಮಜ್ಜೆ, ನನ್ನ ಮೈಗೆ ಹಾಕಿ ಎರಡು ತಿಂಗಳು. ಅದಕ್ಕೆಂದೇ ಮಂಡ್ಯದಿಂದ ವಿಮಾನ ಹತ್ತಿ ಈ ಪರದೇಶಕ್ಕೆ ಬಂದಳು. ಈಗ ಅವಳ ರಕ್ತ ನನ್ನನ್ನೇ ಕಿತ್ತು ತಿನ್ನುತ್ತಿದೆ.

ಆಗಸ್ಟ್ 7

ಡಾಕ್ಟರು ಹೇಳಿದ್ದನ್ನು ಮೊಮ್ಮಗಳು ಹರ್ಷಿತಾ ಅರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಜೀನು ಹೊಂದಿದರೂ ಎಲ್ಲವೂ ಹೊಂದಿದ ಹಾಗಲ್ಲ. ಗಂಡುಮಕ್ಕಳನ್ನು ಹೆತ್ತವಳ ರಕ್ತ ಗಂಡಸಿನ ಮೈಯನ್ನು ಪರರದೆಂದು ಗುರುತಿಟ್ಟುಕೊಂಡಿರಬಹುದಂತೆ. ಅಣ್ಣನೋ ತಮ್ಮನೋ ಇದ್ದಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ ಎಂದರಂತೆ.

ಮರಿತಾಯಮ್ಮ ಮುದ್ದೆ ತಿರುವುತ್ತಿದ್ದಳು. ಮೂರು ಗಂಡು ಹೆತ್ತೆ ಎಂದು ಬೀಗಿದೆಯಲ್ಲ, ಅನುಭವಿಸುವವನು ನಾನು ಎಂದೆ. ಕೋಲು ಇಟ್ಟು ಹೋದಳು. ಮುದ್ದೆ ಗಂಟಾಯಿತು.

ಆಗಸ್ಟ್ 16

ಕಾಯಿಲೆಯೂ ತಿರುಗಿ ಬಂದಿದೆ. ಇನ್ನೊಂದು ಸಲ ಹಾಕಬೇಕು, ಬೇರೆಯವರದು. ದಾನಿಗಳ ರಿಜಿಸ್ಟ್ರಿಯಲ್ಲಿ ನನಗೆ ಹೊಂದುವವರು ಯಾರೂ ಸಿಕ್ಕಿಲ್ಲ.

ಮರಿತಾಯಮ್ಮ ಡಾಕ್ಟರ ಮುಂದೆಯೇ ಬಾಯಿಬಿಟ್ಟಳು. "ನಮ್ಗೊಬ್ಬ ತಮ್ಮ ಅವ್ನೆ. ಜಯರಾಮ. ಇಲ್ಲೇ ಪಕ್ಕದೂರು ಕ್ಯಾಂಪ್‌ಬೆಲ್ಲಲ್ಲಿ."

ಆಸ್ಪತ್ರೆಯ ಫಾರಮ್ಮಿನಲ್ಲಿ ಸತ್ತಿದ್ದಾನೆ ಎಂದೇ ಬರೆಸಿದ್ದೆ. ಸುಳ್ಳಲ್ಲ. ಬೇರೆ ಜಾತಿಯವಳನ್ನು ಕಟ್ಟಿಕೊಂಡ ವರ್ಷವೇ ಅವನ ತಿಥಿ ಮಾಡಿದ್ದೇವೆ. ಎಡೆ ಇಟ್ಟವನು ನಾನೇ.

"ಬಟ್ ತಾತ, ಹಿ ಈಸ್ ಅಲೈವ್?" ಎಂದಳು ಹರ್ಷಿತಾ. ಬದುಕಿದವನ ತಿಥಿಯನ್ನು ಡಾಕ್ಟರಿಗೆ ಹೇಗೆ ಹೇಳಿದಳೋ.

ಆಗಸ್ಟ್ 29

ಹರ್ಷಿತಾ ಕ್ಯಾಂಪ್‌ಬೆಲ್‌ಗೆ ಹೋಗಿ ಬಂದಿದ್ದಳು. ಪರೀಕ್ಷೆಗೆಂದು ಜಯರಾಮ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಕೊಟ್ಟನಂತೆ. ಇವತ್ತು ರಿಪೋರ್ಟು ಬಂತು. ಹೊಂದುತ್ತದೆ, ಪೂರ್ತಿ.

ಕೊಡುತ್ತೀರಾ ಎಂದು ಫೋನಿನಲ್ಲಿ ಕೇಳಿದಳು. ಸ್ಪೀಕರು ಹಾಕಿದ್ದಳು. ನಲವತ್ತು ವರ್ಷದ ಮೇಲೆ ಆ ದನಿ. ಅಪ್ಪನದೇ.

"ನನ್ನ ತಿಥೀಲಿ ವಡೆ ಎಷ್ಟು ತಿಂದ ಅಂತ ನಿಮ್ಮ ತಾತನ್ನ ಕೇಳಮ್ಮ. ಸತ್ತೋನ ರಕ್ತ ಬೇಕು ಅಂತ ಅವನ ಬಾಯಲ್ಲೇ ಬರ್ಲಿ."

ಇಟ್ಟುಬಿಟ್ಟ.

ಸೆಪ್ಟೆಂಬರ್ 2

ಅಂಗಾಲೂ ಸುಲಿದಿದೆ. ಮರಿತಾಯಮ್ಮ ಮುಲಾಮು ಹಚ್ಚಲು ಬಂದಳು. ಮುಟ್ಟಬೇಡ ಎಂದೆ. "ಒಳಗೆ ಹರಿಯೋದೆಲ್ಲ ನಂದೇ ಅಣ್ಣಯ್ಯ. ಇನ್ನೆಲ್ಲಿ ಮುಟ್ಟದೆ ಇರ್ಲಿ?" ಎಂದು ಹಚ್ಚಿಯೇ ಹಚ್ಚಿದಳು.

ಸಂಜೆ

ನಾಲಿಗೆ ಊದಿದೆ. ಮಾತು ಹೊರಡುತ್ತಿಲ್ಲ. ಇದನ್ನು ಹರ್ಷಿತಾ ಫೋಟೋ ತೆಗೆದು ಅವನಿಗೆ ಕಳಿಸಲಿ.

ಜಯರಾಮ,
ವಡೆ ಎರಡು ತಿಂದೆ. ಆಸ್ಪತ್ರೆಯಲ್ಲಿ ಬೆಡ್ಡು ಸಿಗುವುದು ಹದಿನೈದನೇ ತಾರೀಖಿಗೆ. ಬರುತ್ತೀಯೋ ಇಲ್ಲವೋ — ಎಂಟನೇ ತಾರೀಖಿನೊಳಗೆ ಹೇಳು.