ಶಬ್ದವಿಲ್ಲದ ಸ್ಟ್ರೀಮ್

ಮಾರ್ಚ್ 3, ಸೋಮವಾರ

ಗಣಿತದ ಕ್ಲಾಸ್ ಲೈವ್. ಸ್ಟ್ರೀಮ್ ನಡೆಸುವುದು ನನ್ನ ಕೆಲಸ. ಎಂದಿನಂತೆ ಮೇಷ್ಟ್ರು ಬರುವ ಮೊದಲು ಅವರ ಕುರ್ಚಿಯಲ್ಲಿ ಕೂತು ಕ್ಯಾಮೆರಾ ಟೆಸ್ಟ್ ಮಾಡಿದೆ. ಮೈಕ್ ಆಫ್. ಮುಖ ಅಲ್ಲಾಡದಿದ್ದರೆ ಚಿತ್ರ ಒಡೆಯುತ್ತದೋ ಇಲ್ಲವೋ ತಿಳಿಯುವುದಿಲ್ಲ. ಹಾಗಾಗಿ ಬಾಯಿಗೆ ಬಂದದ್ದು ಮಾತಾಡುತ್ತೇನೆ. ಇವತ್ತು ಸೋರುವ ನಲ್ಲಿಯನ್ನು ಬೈದೆ. ದಿನದ ಮೊದಲ ಮಾತು ಅದು. ಬಹುಶಃ ಕೊನೆಯದೂ.

ಪಾಠದ ನಡುವೆ ಚಾಟ್‌ನಲ್ಲಿ ‘ಬಡಗಿ’ ಅನ್ನುವವರು ಬರೆದರು, ಮತ್ತೆ ಚಿತ್ರ ಹೋಯಿತು ಅಂತ. ನೆಟ್ ನಿಧಾನ ಇದ್ದವರಿಗೆ ಸರ್ವರ್ ತಾನೇ ಡೇಟಾ ಕಳಿಸುವ ವೇಗ, ಅಂದರೆ ಬಿಟ್‌ರೇಟ್ ಇಳಿಸುತ್ತದೆ. ತೀರಾ ಇಳಿದರೆ ಚಿತ್ರ ಬಿಟ್ಟು ಧ್ವನಿ ಉಳಿಸುತ್ತದೆ. ಧ್ವನಿ ಬರುತ್ತಿದೆಯಲ್ಲ ಅಂತ ಬರೆದೆ, ಕೊಂಚ ಸಿಡುಕಿಯೇ.

“ನಂಗೆ ಕಿವಿ ಕೇಳ್ಸಲ್ಲ ಮೇಡಂ. ತುಟಿ ನೋಡಿ ಅರ್ಥ ಮಾಡ್ಕೋತೀನಿ. ಧ್ವನಿ ತೆಗೀರಿ, ಮುಖ ಕೊಡಿ.”

ಪೆಚ್ಚಾದೆ.

ಮಾರ್ಚ್ 5, ಬುಧವಾರ

ಬಡಗಿಗೆಂದೇ ಬೇರೆ ಸ್ಟ್ರೀಮ್ ಮಾಡಿದೆ. ಧ್ವನಿ ಪೂರ್ತಿ ಕಟ್. ಚಿತ್ರ ಚಿಕ್ಕದು, ಆದರೆ ಫ್ರೇಮ್ ಒಂದೂ ಕಡಿಮೆ ಮಾಡಲಿಲ್ಲ—ತುಟಿ ತಪ್ಪಬಾರದು. ಹಲಗೆ ಕಡೆ ತಿರುಗಿ ಮಾತಾಡಬೇಡಿ ಅಂತ ಮೇಷ್ಟ್ರಿಗೂ ಹೇಳಿದೆ. ಗೊಣಗಿದರು, ಒಪ್ಪಿದರು.

ಬಡಗಿ ನಿಜಕ್ಕೂ ಮರದ ಕೆಲಸದವರಂತೆ. ಡಿಪ್ಲೊಮಾ ಪರೀಕ್ಷೆ ಕಟ್ಟಿದ್ದಾರೆ. “ಈಗ ಕನ್ನಡಿ ಥರ ಕಾಣ್ತಿದೆ” ಅಂದರು. ಇಡೀ ದಿನ ಖುಷಿ.

ಮಾರ್ಚ್ 14, ಶುಕ್ರವಾರ

ಇವತ್ತು ಟೆಸ್ಟ್ ಮಾಡುವಾಗ ನಾಲಿಗೆ ಹರಿಬಿಟ್ಟೆ. ಒಬ್ಬಳಿಗೋಸ್ಕರ ಒಲೆ ಹಚ್ಚುವ ರಗಳೆ. ಅಕ್ಕ ಫೋನ್ ಮಾಡುವುದನ್ನೇ ಬಿಟ್ಟದ್ದು. ನಾನು ನಾಳೆ ಬರದಿದ್ದರೆ ಸರ್ವರ್ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ ಅಂತಲೂ ಅಂದೆ. ಮನಸ್ಸು ಹಗುರವಾಯಿತು.

ಕ್ಲಾಸ್ ಮುಗಿದ ಮೇಲೆ ಬಡಗಿಯ ಮೆಸೇಜ್: “ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ ಮೇಡಂ. ಪಾಠಕ್ಕೆ ಮುಂಚೆ ನೀವು ಮಾತಾಡೋದು ನಂಗೆ ಕಾಣುತ್ತೆ.”

ಪಾಠ ಶುರುವಾಗುವವರೆಗೆ ಎಲ್ಲರಿಗೂ ‘ಸ್ವಲ್ಪ ಹೊತ್ತಿನಲ್ಲಿ ಆರಂಭ’ ಅನ್ನುವ ಸ್ಲೈಡ್ ಕಾಣಬೇಕು. ಹೊಸ ಸ್ಟ್ರೀಮಿಗೆ ಅದನ್ನು ಹಾಕುವುದನ್ನೇ ಮರೆತಿದ್ದೆ! ಇಷ್ಟು ದಿನವೂ… ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರ್ಚ್ 17, ಸೋಮವಾರ

ಸ್ಲೈಡ್ ಹಾಕಿದೆ. ಕುರ್ಚಿಯ ಮೇಲೆ ಟೇಬಲ್ ಫ್ಯಾನ್ ಇಟ್ಟು ಟೆಸ್ಟ್. ಅದೂ ತಿರುಗುತ್ತದೆ, ಸಾಕು. ಬಡಗಿ ಬಂದರು, ಪಾಠ ನೋಡಿದರು, ಹೋದರು. ಒಂದಕ್ಷರ ಬರೆಯಲಿಲ್ಲ. ನನಗೆ ಬೇಕಿದ್ದದ್ದೂ ಅದೇ ತಾನೇ?

ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ 28, ಶುಕ್ರವಾರ

ಇವತ್ತೇ ಕೊನೆಯ ಕ್ಲಾಸ್. ಬೆಳಗ್ಗೆ ಬಂದಾಗ ಚಾಟ್‌ನಲ್ಲಿ ಕಾದಿತ್ತು:

“ಪರದೆ ಹಾಕಿದ್ದು ಸರಿ ಮೇಡಂ, ನಂದೇ ತಪ್ಪು. ಆದ್ರೆ ಇಲ್ಲಿ ಯಾರೂ ನನ್ ಕಡೆ ಮುಖ ಮಾಡಿ ಮಾತಾಡಲ್ಲ. ನೀವು ಮಾಡ್ತಿದ್ರಿ.”

ಕಣ್ಣೀರು ಬಂತು, ಒರೆಸಿಕೊಂಡೆ.

ಸ್ಲೈಡ್ ತೆಗೆದೆ. ಅವರ ಸ್ಟ್ರೀಮಿನದು ಮಾತ್ರ. ಮೇಷ್ಟ್ರು ಬರಲು ಇನ್ನೂ ಹೊತ್ತಿದೆ. ಕುರ್ಚಿಯಲ್ಲಿದ್ದೇನೆ, ಡೈರಿ ತೊಡೆಯ ಮೇಲೆ. ನೋಡುವವರ ಲಿಸ್ಟಿನಲ್ಲಿ ಒಬ್ಬರೇ. ಬಂದಿದ್ದಾರೆ. ಏನು ಹೇಳಬೇಕೋ ತೋಚುತ್ತಿಲ್ಲ. ಹೀಗೆ ತಲೆ ತಗ್ಗಿಸಿ ಬರೆಯುತ್ತ ಕೂತರೆ ಅವರಿಗೆ ನನ್ನ ಮುಖ—